ಒಳಜೇಬು

ರಾತ್ರಿ ಹತ್ತಕ್ಕೆ, ಮುಹರ್ರಕ್ ಪೇಟೆಯಲ್ಲಿ
ಚಿನ್ನದಂಗಡಿಗಳು ಇನ್ನೂ ಉರಿಯುತ್ತಿರುವಾಗ
ಕತ್ತರಿ ಕೆಳಗಿಟ್ಟು, ಮೇಜಿನ ಹಿಂದೆ ಸರಿದು
ಅಂಗಿ ಎತ್ತುತ್ತೇನೆ.
ಹದಿನೆಂಟು ಯೂನಿಟ್ಟು.
ಡಯಲು ತಿರುಗುವ ಕಟಕಟ,
ಒತ್ತಿ, ಹತ್ತು ಎಣಿಸಿ, ತೆಗೆಯುತ್ತೇನೆ.
ಗಿರಾಕಿ ಕೂಗಿದರೆ "ಬಂದೆ" ಎನ್ನುವಷ್ಟು ಹೊತ್ತು.

ಮೂವತ್ತೊಂದು ವರ್ಷ ಸೂಜಿ ಹಿಡಿದವ
ಸೂಜಿಗೆ ಹೆದರಿದೆ ಎಂದರೆ ನಂಬುವವರುಂಟೇ?
ಮೊದಲ ದಿನ ಕ್ಲಿನಿಕ್ಕಿನ ಏಸಿಯಲ್ಲೇ ಬೆವೆತೆ.
ರಾನ್ನಿಯ ಲಿಜಿ ಸಿಸ್ಟರು ನಕ್ಕರು:
"ಒಂದೇ ಜಾಗಕ್ಕೆ ಚುಚ್ಚಬೇಡಿ, ಗಂಟು ಕಟ್ಟುತ್ತದೆ.
ಬೆರಳಗಲ ಬಿಟ್ಟು ಚುಚ್ಚಿ."
ಇದನ್ನು ನನಗೆ ಹೇಳುತ್ತಾರೆ!
ಬಿಚ್ಚಿದ ಹೊಲಿಗೆಯ ತೂತಿಗೇ ಮತ್ತೆ ಸೂಜಿ ಹಾಕಿದರೆ
ಬಟ್ಟೆ ಹರಿಯುತ್ತದೆಂದು
ಕಿನ್ನಿಗೋಳಿಯಲ್ಲಿ ಮಂಡೆಗೆ ಗಜಕೋಲಿನ ಪೆಟ್ಟು ತಿಂದು
ಕಲಿತವ ನಾನು.

"ಇದು ಊಟದ ಮುಂಚಿನದಲ್ಲ, ಇಡೀ ದಿನದ್ದು" ಎಂದರು.
"ಏರುವುದಿಲ್ಲ, ಇಳಿಯುವುದಿಲ್ಲ,
ಏನು ತಿಂದಿರಿ ಎಂದು ಕೇಳುವುದಿಲ್ಲ.
ತನ್ನಷ್ಟಕ್ಕೆ ಒಳಗೆ ನಡೆಯುತ್ತಿರುತ್ತದೆ."
ತಟ್ಟನೆ ಅರ್ಥವಾಯಿತು: ಅಸ್ತರು.
ಜನ ಗುಂಡಿ ನೋಡುತ್ತಾರೆ, ಕಾಲರು ನೋಡುತ್ತಾರೆ.
ಕೋಟು ನಿಲ್ಲುವುದು ಅಸ್ತರಿನ ಮೇಲೆ.

ರೂಮಿನಲ್ಲಿ ಐವರು, ಒಂದು ಫ್ರಿಜ್ಜು.
ಮೊಟ್ಟೆಗಳ ಪಕ್ಕ ನನ್ನ ಪೆನ್ನುಗಳು,
ಅವುಗಳ ಮೇಲೆ ಸಿಲೆಟ್ಟಿನ ಜಸೀಮನ ಮೀನುಸಾರು.
ಕಳೆದ ಆಗಸ್ಟಿನಲ್ಲಿ, "ಭಾಯಿ, ಬಹಳ ಸೆಕೆ" ಎಂದು
ಅವನೇ ಪ್ರೀತಿಯಿಂದ ಎರಡನ್ನೂ ಮೇಲೆ ಐಸಿನೊಳಗಿಟ್ಟ.
ಹೆಪ್ಪುಗಟ್ಟಿ ಕರಗಿದ ಮೇಲೂ
ನೋಡಲು ಹಾಗೆಯೇ ಇತ್ತು, ನೀರಿನಷ್ಟು ತಿಳಿ.
ಹೆಪ್ಪುಗಟ್ಟಿದ್ದನ್ನು ನಂಬಬಾರದೆಂದಿದ್ದರು ಸಿಸ್ಟರು.
ಎಸೆದೆ. ಜಸೀಮನಿಗೆ ಹೇಳಲಿಲ್ಲ.
ಎರಡು ವಾರ ಓವರ್‌ಟೈಮ್ ಯಾಕೆಂದು ಅವನೇ ಕೇಳಿದ.
"ಈದ್ ಬರುತ್ತಿದೆಯಲ್ಲ" ಎಂದೆ.
ಈದಿಗೆ ಇನ್ನೂ ಏಳು ತಿಂಗಳಿತ್ತು.

ಈಗ ನಿಜಕ್ಕೂ ಬಂದಿದೆ.
ರಂಜಾನಿನ ಇಪ್ಪತ್ತೆರಡನೆಯ ರಾತ್ರಿ,
ತಲೆಯಿಲ್ಲದ ಬಿಳಿ ತೋಬುಗಳು ಸಾಲಾಗಿ ನೇತಾಡುತ್ತಿವೆ.
ಬೂ ರಾಶಿದ್ ಬಂದರು.
ಹಿಂದೆ ದೋಣಿ ಕಟ್ಟುತ್ತಿದ್ದವರು, ಅಂಗೈ ಇನ್ನೂ ಹಲಗೆ.
ಹಳೆಯ ಪುಸ್ತಕದಲ್ಲಿ ಎದೆ ನಲವತ್ತಾರು.
ಟೇಪು ಇವತ್ತು ನಲವತ್ತೆರಡು ಎಂದಿತು.
ನಾನು ಇನ್ನೊಮ್ಮೆ ಅಳೆದೆ, ಏನೂ ಕೇಳಲಿಲ್ಲ.

"ದಾಮು, ಒಳಗೊಂದು ಜೇಬು. ಎಡಕ್ಕೆ. ಪೆನ್ನಿಗೆ."
ಬೆರಳು ಅಗಲಿಸಿ ಉದ್ದ ತೋರಿಸಿದರು.
ಬರೆಯುವ ಪೆನ್ನು ಅಷ್ಟು ದಪ್ಪವಿರುವುದಿಲ್ಲ.
ನಾನು ಮುಖ ನೋಡಿದೆ, ಅವರು ಫ್ಯಾನು ನೋಡಿದರು.
"ಮಜ್ಲಿಸ್ಸಿನಲ್ಲಿ ಕೂತಲ್ಲೇ ಹತ್ತು ಗಂಟೆಯಾಗುತ್ತದೆ.
ಎಲ್ಲರೆದುರು ಚೀಲ ಬಿಚ್ಚುತ್ತಾ..."
ಅಲ್ಲಿಗೆ ಬಿಟ್ಟರು.

ಟೇಪು ಮುಟ್ಟಲಿಲ್ಲ.
ಡ್ರಾಯರಿನಿಂದ, ಬಾಬಿನ್ನುಗಳ ನಡುವಿನಿಂದ
ನನ್ನದನ್ನು ತೆಗೆದೆ.
ಮೈಮೇಲೆ ತೆರೆದ ತಾರೀಖು, ನನ್ನದೇ ಅಕ್ಷರ.
ಬಟ್ಟೆಯ ಮೇಲೆ ಮಲಗಿಸಿ ಸುತ್ತ ಸೀಮೆಸುಣ್ಣ ಎಳೆದೆ,
ಹೊಲಿಗೆಗೆಂದು ಬೆರಳಗಲ ಬಿಟ್ಟೆ.

ಅವರು ಪೆನ್ನು ನೋಡಿದರು, ನನ್ನ ಹೊಟ್ಟೆ ನೋಡಿದರು.
"ಎಷ್ಟು?"
"ಹದಿನೆಂಟು."
"ನನ್ನದು ಇಪ್ಪತ್ತನಾಲ್ಕು" ಎಂದರು,
ತಾನು ಕಟ್ಟಿದ ದೋಣಿಯ ಉದ್ದ ಹೇಳುವವರಂತೆ.

ಅವರು ಹೋದ ಮೇಲೆ ಆ ಜೇಬಿಗೆ ಕೂತೆ.
ಹೊರಗಿನ ಬಿಸಿ ತಾಗಬಾರದೆಂದು ಎರಡು ಪದರ,
ಬಾಯಿಗೆ ಸಣ್ಣದೊಂದು ಮಡಿಕೆ.
ಹೊರಗಿನಿಂದ ಒಂದು ಎಳೆಯೂ ಕಾಣುವುದಿಲ್ಲ.
ಕಾಣದ ಹಾಗೆ ಹೊಲಿಯುವುದಕ್ಕೆ
ಎರಡರಷ್ಟು ಹೊತ್ತು ಬೇಕು.